ಸೊಸೆಯ ಹಾಗೆ ಕಳೆದ ಎರಡು ತಿಂಗಳು: ಜರ್ಮನಿಯ ಮನೆಯೊಂದರಲ್ಲಿ ಬೀದರದ ಹುಡುಗಿ

ಈ ಪ್ರಕರಣದ ಹುಡುಗಿ ನನ್ನ ವಿದ್ಯಾರ್ಥಿನಿ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವಳ ಹೆಸರು, ಊರು, ಅಲ್ಲಿನ ಕುಟುಂಬದ ಗುರುತು ಯಾವುದನ್ನೂ ಕೊಟ್ಟಿಲ್ಲ. ಕೆಲವು ಸಣ್ಣಪುಟ್ಟ ವಿವರ ಬದಲಿಸಿದ್ದೇನೆ.

ನಮ್ಮ ಬೀದರ, ಕಲಬುರಗಿ ಕಡೆಯಿಂದ ಮಕ್ಕಳು ಹೊರದೇಶಕ್ಕೆ ಹೋಗುವುದು ಈಗ ಹೊಸ ಸುದ್ದಿಯಲ್ಲ. ಆದರೆ ಹಾಸ್ಟೆಲ್‌ನಲ್ಲಿ ಇರುವುದು ಬೇರೆ, ಪರಿಚಯವೇ ಇಲ್ಲದವರ ಮನೆಯೊಳಗೆ ಹೋಗಿ ಇರುವುದು ಬೇರೆ. ಎರಡನೆಯದಕ್ಕೆ ನಾವು ಮಕ್ಕಳಿಗೆ ಬುದ್ಧಿ ಹೇಳಿ ಕಳಿಸುವ ರೀತಿಯಲ್ಲೇ ಒಂದು ತಪ್ಪಿದೆ. ಆ ತಪ್ಪನ್ನು ನಾನೂ ಮಾಡಿದೆ. ಇನ್ನೊಬ್ಬರು ಮಾಡದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಹಿನ್ನೆಲೆ

ಬೀದರ ಜಿಲ್ಲೆಯ ಒಂದು ತಾಲೂಕು ಊರು. ತಂದೆಗೆ ಐದು ಎಕರೆ ಹೊಲ. ತೊಗರಿ, ಸೋಯಾಬೀನ್ ಬೆಳೆಯುತ್ತಾರೆ. ಅವ್ವ, ಅಪ್ಪ, ಆಯಿ, ಅಣ್ಣ, ಅತ್ತಿಗೆ, ಅವರ ಮಗು, ಈ ಹುಡುಗಿ. ಏಳು ಜನ, ಮೂರು ಕೋಣೆ. ಹುಡುಗಿಗೆ 22 ವರ್ಷ. ನಮ್ಮ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದ್ದಳು. ನಾನು ಅಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ.

ಅವಳಿಗೆ ಜರ್ಮನಿಯಲ್ಲಿ ನರ್ಸಿಂಗ್ ಕಲಿಯುವ ಆಸೆ. ಅದಕ್ಕೆ ಭಾಷೆ ಚೆನ್ನಾಗಿ ಬರಬೇಕು. ನಮ್ಮ ಕಡೆಯವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಎಷ್ಟೋ ಹತ್ತಿರ. ಅಲ್ಲಿ ಚಿಗವ್ವನ ಮನೆಯಲ್ಲಿದ್ದು ಆರು ತಿಂಗಳು ಜರ್ಮನ್ ಕ್ಲಾಸಿಗೆ ಹೋದಳು. ಎ1, ಅಂದರೆ ಭಾಷೆಯ ಮೊದಲ ಹಂತದ ಪರೀಕ್ಷೆ ಪಾಸಾದಳು. ಕ್ಲಾಸಿನಲ್ಲೇ ಯಾರೋ 'ಓ ಪೇರ್' ಬಗ್ಗೆ ಹೇಳಿದರು.

ಓ ಪೇರ್ ಅಂದರೆ ಏನು ಅಂತ ಇಲ್ಲಿ ಸ್ವಲ್ಪ ಹೇಳಬೇಕು. ಒಂದು ಜರ್ಮನ್ ಕುಟುಂಬ ತನ್ನ ಮನೆಯಲ್ಲಿ ಹೊರದೇಶದ ಯುವಕನಿಗೋ ಯುವತಿಗೋ ಜಾಗ ಕೊಡುತ್ತದೆ. ಬೇರೆ ಕೋಣೆ, ಊಟ, ವಿಮೆ ಎಲ್ಲ ಕುಟುಂಬದ್ದೇ. ತಿಂಗಳಿಗೆ 280 ಯೂರೋ ಕೈಖರ್ಚು. ಭಾಷೆಯ ಕ್ಲಾಸಿಗೆ ತಿಂಗಳಿಗೆ 70 ಯೂರೋ. ಬದಲಿಗೆ ಮಕ್ಕಳನ್ನು ನೋಡಿಕೊಳ್ಳಬೇಕು, ಹಗುರ ಮನೆಗೆಲಸ ಮಾಡಬೇಕು. ಅದೂ ವಾರಕ್ಕೆ 30 ಗಂಟೆ ಮೀರುವಂತಿಲ್ಲ. ವಾರಕ್ಕೆ ಒಂದೂವರೆ ದಿನ ರಜೆ. ವರ್ಷ ಪೂರ್ತಿ ಇದ್ದರೆ ನಾಲ್ಕು ವಾರ ಸಂಬಳಸಹಿತ ರಜೆ. 18 ತುಂಬಿರಬೇಕು, ವೀಸಾಕ್ಕೆ ಅರ್ಜಿ ಹಾಕುವಾಗ 27 ಆಗಿರಬಾರದು. ಒಂದು ವರ್ಷದ ಮೇಲೆ ಮುಂದುವರಿಸುವ ಹಾಗಿಲ್ಲ. ಎರಡೂ ಕಡೆಯವರು ಎರಡು ವಾರ ಮೊದಲು ತಿಳಿಸಿ ಒಪ್ಪಂದ ಮುರಿದುಕೊಳ್ಳಬಹುದು.

ಫ್ರೆಂಚಿನಲ್ಲಿ ಆ ಪದಕ್ಕೆ 'ಸರಿಸಮಾನ' ಅಂತ ಅರ್ಥ. ಕೆಲಸದವಳೂ ಅಲ್ಲ, ಅತಿಥಿಯೂ ಅಲ್ಲ. ಮನೆಯವರಲ್ಲಿ ಒಬ್ಬಳು. ಈ ಅರ್ಥವನ್ನು ನಾನು ಆಗಲೇ ಓದಿದ್ದೆ. ಓದಿ ಸುಮ್ಮನಾಗಿದ್ದೆ.

ಅಕ್ಟೋಬರ್ ಮೊದಲ ವಾರ ಹೊರಟಳು. ಹಿಂದಿನ ದಿನ ಅವರ ಮನೆಗೆ ಹೋಗಿದ್ದೆ. ಅವ್ವ ಚೀಲ ಕಟ್ಟುತ್ತಿದ್ದರು. ಕಡಕ್ ರೊಟ್ಟಿ ಎರಡು ಡಬ್ಬಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಕೆಂಪು ಖಾರ. ತುಪ್ಪವನ್ನು ನಾನೇ ತೆಗೆಸಿದೆ. ಹಾಲಿನ ಪದಾರ್ಥವನ್ನೂ ಮಾಂಸವನ್ನೂ ಹೊರಗಿನಿಂದ ಯುರೋಪ್ ಒಕ್ಕೂಟದೊಳಗೆ ಒಯ್ಯಲು ಬಿಡುವುದಿಲ್ಲ. ಅವ್ವಗೆ ಬೇಜಾರಾಯಿತು. ಹೊರಡುವಾಗ ಮಗಳ ತಲೆ ಸವರಿ ಹೇಳಿದರು: "ಯವ್ವಾ, ಹೊಂದ್ಕೊಂಡು ಹೋಗು. ಯಾರ ಕೈಲೂ ಒಂದ್ ಮಾತು ಅನ್ನಿಸ್ಕೋಬ್ಯಾಡ." ನಾನೂ ಪಕ್ಕದಲ್ಲೇ ನಿಂತು "ಹೌದವಾ, ಹೊಂದ್ಕೊಂಡು ಹೋಗು" ಅಂದೆ.

ತೊಡಕು ಶುರುವಾದದ್ದು

ಉತ್ತರ ಜರ್ಮನಿಯ ಒಂದು ಸಣ್ಣ ಊರು. ಗಂಡ, ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಮಗನಿಗೆ ಏಳು, ಮಗಳಿಗೆ ನಾಲ್ಕು. ಹುಡುಗಿಗೆ ಮಹಡಿಯಲ್ಲಿ ಒಂದು ಕೋಣೆ, ಕಿಟಕಿಯಾಚೆ ಸೇಬಿನ ಗಿಡ. ಹುಟ್ಟಿದಾಗಿನಿಂದ ಅವಳಿಗೆ ಅಂತ ಒಂದು ಕೋಣೆ ಇದ್ದದ್ದು ಅದೇ ಮೊದಲು.

ಮೊದಲ ರಾತ್ರಿಯ ಊಟದ ಕತೆ ನಾನು ಎಷ್ಟೋ ಸಲ ಕೇಳಿದ್ದೇನೆ. ಅಲ್ಲಿ ಎಷ್ಟೋ ಮನೆಗಳಲ್ಲಿ ರಾತ್ರಿ ಒಲೆ ಹಚ್ಚುವುದಿಲ್ಲ. ಸಂಜೆ ಆರೂವರೆಗೆ ಬ್ರೆಡ್ಡು, ಬೆಣ್ಣೆ, ಚೀಸು, ಸೌತೆಕಾಯಿ, ಮಾಂಸ ತಿನ್ನುವವರಿಗೆ ಸಾಸೇಜಿನ ತೆಳು ಹೋಳು. ಎಲ್ಲ ತಣ್ಣಗೆ. ಅದಕ್ಕೆ 'ಆಬೆಂಟ್‌ಬ್ರೋಟ್' ಅಂತ ಹೆಸರು, ಅಂದರೆ ಸಂಜೆಯ ಬ್ರೆಡ್ಡು. ತಾಟು ಇಲ್ಲ. ಒಬ್ಬೊಬ್ಬರ ಮುಂದೆ ಅಂಗೈಗಿಂತ ಸ್ವಲ್ಪ ದೊಡ್ಡ ಮರದ ಹಲಗೆ. ಹುಡುಗಿ ಒಂದು ಹೋಳು ಬ್ರೆಡ್ಡು ತಿಂದಳು. ಇದು ಊಟಕ್ಕೆ ಮುಂಚಿನದ್ದು, ಬಿಸಿ ಊಟ ಆಮೇಲೆ ಬರುತ್ತದೆ ಅಂದುಕೊಂಡಿದ್ದಳು. ಮನೆಯ ತಾಯಿ ಬುಟ್ಟಿ ಮುಂದೆ ಮಾಡಿ "ಇನ್ನೂ ಬೇಕಾ?" ಅಂದರು. ಇವಳು ನಕ್ಕು "ಡಾಂಕೆ" ಅಂದಳು. ಥ್ಯಾಂಕ್ಸ್, ಕೊಡಿ ಅನ್ನುವ ಅರ್ಥದಲ್ಲಿ. ಬುಟ್ಟಿ ಆಚೆ ಹೋಯಿತು. ಏನಾದರೂ ಬೇಕಾ ಅಂತ ಕೇಳಿದಾಗ ಬರೀ "ಡಾಂಕೆ" ಅಂದರೆ ಅಲ್ಲಿ "ಬೇಡ, ಸಾಕು" ಅಂತಲೇ ತಿಳಿಯುತ್ತಾರೆ. ಬೇಕಿದ್ದರೆ "ಯಾ, ಬಿಟ್ಟೆ" ಅನ್ನಬೇಕು, ಅಂದರೆ "ಹೌದು, ಕೊಡಿ" ಅಂತ. ಇದು ಅವಳಿಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ.

ಗೊತ್ತಾದ ಮೇಲೂ ಬಾಯಿ ಬರಲಿಲ್ಲ. ನಮ್ಮಲ್ಲಿ ಮೊದಲ ಸಲ ಕೇಳಿದ ಕೂಡಲೇ ಬೇಕು ಅಂದರೆ ಹಸಿದವರ ಹಾಗೆ ಕಾಣುತ್ತದೆ, ಅಲ್ವಾ? ಬೇಡ ಅನ್ನುತ್ತೇವೆ. ಬಡಿಸುವವರು ಬಿಡುವುದಿಲ್ಲ. ಮೂರನೇ ಸಲಕ್ಕೆ ಕೈ ಹಿಂದೆ ತೆಗೆಯುತ್ತೇವೆ. ಅಲ್ಲಿ ಎರಡನೇ ಸಲ ಕೇಳುವವರೇ ಇಲ್ಲ. ಬೇಡ ಅಂದವರಿಗೆ ಮತ್ತೆ ಮತ್ತೆ ಒತ್ತಾಯ ಮಾಡುವುದು ಅವರ ಪ್ರಕಾರ ಮರ್ಯಾದೆಯಲ್ಲ.

ಹೀಗೆ ರಾತ್ರಿ ಹಸಿವೆ ಶುರುವಾಯಿತು. ಕೋಣೆಯಲ್ಲಿ ಕಡಕ್ ರೊಟ್ಟಿಗೆ ಹಿಂಡಿ ಹಚ್ಚಿಕೊಂಡು ತಿನ್ನುವಳು. ಆ ಊರಲ್ಲಿ ರಾತ್ರಿ ಹತ್ತಾದ ಮೇಲೆ ಸದ್ದು ಮಾಡುವಂತಿಲ್ಲ. ಕಡಕ್ ರೊಟ್ಟಿ ಮುರಿದರೆ ಎಷ್ಟು ಸದ್ದಾಗುತ್ತದೆ ಅಂತ ನಿಮಗೆ ಗೊತ್ತು. ರಜಾಯಿಯೊಳಗೆ ಇಟ್ಟು ಮುರಿಯುತ್ತಿದ್ದಳು.

ಕರೆಯುವುದು ಇನ್ನೊಂದು ಕಷ್ಟ. ಮನೆಯ ತಾಯಿಗೆ ನಲವತ್ತು ವರ್ಷ. ಹೆಸರು ಹಿಡಿದು ಕರಿ, ಗೌರವದ 'ಝೀ' ಬೇಡ, 'ಡೂ' ಅನ್ನು ಅಂದಿದ್ದರು. ಅಷ್ಟು ದೊಡ್ಡವರನ್ನು ಹೆಸರು ಹಿಡಿದು ಏಕವಚನದಲ್ಲಿ ಕರೆಯಲು ಇವಳ ನಾಲಿಗೆ ಏಳಲಿಲ್ಲ. ಎರಡು ತಿಂಗಳು ಅವರನ್ನು ಯಾವ ಹೆಸರಿನಿಂದಲೂ ಕರೆಯಲೇ ಇಲ್ಲ. ಮಾತಾಡಬೇಕಾದರೆ ಎದುರಿಗೆ ಹೋಗಿ ನಿಲ್ಲುವಳು. ಅವರು ತಲೆ ಎತ್ತಿ ನೋಡುವವರೆಗೂ ಕಾಯುವಳು.

ಕೆಲಸದ್ದು ಬೇರೆಯೇ ಕತೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಏಳುವುದು ಅವಳಿಗೆ ರೂಢಿ. ಐದೂವರೆಗೆ ಎದ್ದು ಅಡುಗೆಮನೆಯ ಪಾತ್ರೆ ತೊಳೆಯುವ ಯಂತ್ರದಿಂದ ಪಾತ್ರೆ ತೆಗೆದು ಜೋಡಿಸುವಳು. ಯಾರೂ ಹೇಳಿರಲಿಲ್ಲ. ಒಂದು ದಿನ ಮನೆಯ ಯಜಮಾನ "ಬೆಳಿಗ್ಗೆ ಪಾತ್ರೆ ಸದ್ದಿಗೆ ಎಚ್ಚರ ಆಗ್ತದೆ" ಅಂದ. ಇವಳು ಬಚ್ಚಲಿಗೆ ಹೋಗಿ ಅತ್ತಳು. ಇಷ್ಟು ಮಾಡಿದರೂ ಬೈದರು ಅಂತ. ಇನ್ನೊಂದು ದಿನ ಬಚ್ಚಲು ತೊಳೆದಳು, ನಮ್ಮ ಹಾಗೆ ಬಕೆಟ್ಟಿನಿಂದ ನೀರು ಚೆಲ್ಲಿ, ಬ್ರಷ್ಷಿನಿಂದ ತಿಕ್ಕಿ. ಅಲ್ಲಿನ ಬಚ್ಚಲಿನ ನೆಲದಲ್ಲಿ ನೀರು ಹೋಗುವ ಕಿಂಡಿಯೇ ಇರಲಿಲ್ಲ. ನೀರು ಹೊಸ್ತಿಲು ದಾಟಿ ಹಜಾರದ ಮರದ ಹಲಗೆಯ ಕೆಳಗೆ ಇಳಿಯಿತು. ಎರಡು ಹಲಗೆ ಉಬ್ಬಿದವು. ಯಾರೂ ಜೋರು ಮಾಡಲಿಲ್ಲ. ಆ ಮೌನವೇ ಅವಳಿಗೆ ಜಾಸ್ತಿ ಹೆದರಿಕೆ ತಂದಿತು.

ಸಂಜೆ ಮಕ್ಕಳು ಮಲಗಿದ ಮೇಲೆ ಅವಳು ಕೋಣೆ ಸೇರುವಳು. ಆ ಮನೆಯಲ್ಲಿ ಎಲ್ಲರ ಬಾಗಿಲೂ ಮುಚ್ಚಿರುತ್ತಿದ್ದವು. ನಾನು ಇವರಿಗೆ ಬೇಕಾಗಿಲ್ಲ ಅಂತ ಇವಳು ತಿಳಿದಳು. ಇವಳ ಮುಚ್ಚಿದ ಬಾಗಿಲು ನೋಡಿ, ಹುಡುಗಿಗೆ ಒಬ್ಬಳೇ ಇರುವುದು ಇಷ್ಟ ಅಂತ ಅವರು ತಿಳಿದರು.

ಮೊದಲು ನಾವು ಮಾಡಿದ್ದು

ಅಕ್ಟೋಬರ್ ಕೊನೆಗೆ ನನಗೆ ಫೋನ್ ಬಂತು. "ಮೇಡಂ, ಇವ್ರು ನನ್ ಜೋಡಿ ಮಾತೇ ಆಡಲ್ಲರೀ." ನಾನು ಹೇಳಿದ್ದು ಇಷ್ಟು: ಒಂದು ತಿಂಗಳು ತಡೆದುಕೋ. ಇನ್ನೂ ಸ್ವಲ್ಪ ಹೊಂದಿಕೋ. ಅವರ ಮನಸ್ಸು ಗೆಲ್ಲು.

ಅವಳು ನನ್ನ ಮಾತು ನಂಬಿದಳು. ಗೆಲ್ಲಬೇಕು ಅಂತ ಇನ್ನೂ ಜಾಸ್ತಿ ಕೆಲಸ ಮಾಡಿದಳು. ಇಸ್ತ್ರಿ, ಕಿಟಕಿ ಗಾಜು ಒರೆಸುವುದು, ಯಜಮಾನನ ಬೂಟಿನ ಮಣ್ಣು ತೆಗೆಯುವುದು. ಈಗ ಯೋಚಿಸಿದರೆ ಈ ಪ್ರಕರಣದ ದೊಡ್ಡ ತಪ್ಪು ಹೆಜ್ಜೆ ನನ್ನದೇ.

ಅವ್ವ ತಮ್ಮ ದಾರಿ ಹಿಡಿದರು. ದಿನಾ ರಾತ್ರಿ ವೀಡಿಯೋ ಕಾಲ್. ಹುಡುಗಿಗೆ ಬಿಡುವಾಗುವುದು ಅಲ್ಲಿಯ ಎಂಟು ಗಂಟೆಗೆ. ಬೇಸಿಗೆ ಸಮಯದಲ್ಲಿ ನಾವು ಜರ್ಮನಿಗಿಂತ ಮೂರೂವರೆ ಗಂಟೆ ಮುಂದೆ. ಅಕ್ಟೋಬರ್ ಕೊನೆಯ ರವಿವಾರ ಅವರು ಗಡಿಯಾರ ಒಂದು ಗಂಟೆ ಹಿಂದಕ್ಕೆ ಹಾಕುತ್ತಾರೆ, ಆಗ ಅಂತರ ನಾಲ್ಕೂವರೆ ಗಂಟೆ. ಅಂದರೆ ಇಲ್ಲಿ ರಾತ್ರಿ ಹನ್ನೆರಡೂವರೆ. ಅವ್ವ ಅಲ್ಲಿವರೆಗೆ ಕಣ್ಣು ಬಿಟ್ಟುಕೊಂಡು ಕೂರುವರು. "ಏನ್ ಉಂಡಿ?" ಅಂತ ಶುರು. ಕೊನೆಗೆ ಇಬ್ಬರೂ ಅಳುವುದು. ಒಂದೊಂದು ದಿನ ಎರಡು ತಾಸು. ಆ ಮನೆಯವರು ರಾತ್ರಿ ಕೆಳಗೆ ಹಾಲ್‌ನಲ್ಲಿ ಒಟ್ಟಿಗೆ ಕೂರುವುದು ಅದೇ ಎರಡು ತಾಸು. ಮನೆಯವರ ಜೊತೆ ಬೆರೆಯಲು ಇದ್ದ ಒಂದೇ ಹೊತ್ತು ಹೀಗೆ ಹೋಗುತ್ತಿತ್ತು. ಇದು ನಮ್ಮ ಯಾರ ಲೆಕ್ಕಕ್ಕೂ ಬರಲಿಲ್ಲ.

ನವೆಂಬರ್ ಅಲ್ಲಿ ಕತ್ತಲ ತಿಂಗಳು. ಸಂಜೆ ನಾಲ್ಕೂವರೆಗೇ ಹೊತ್ತು ಮುಳುಗುತ್ತದೆ. ನಲವತ್ತೆರಡು ಡಿಗ್ರಿ ಬಿಸಿಲಲ್ಲಿ ಬೆಳೆದ ಹುಡುಗಿ. ರವಿವಾರ ಅಂಗಡಿಗಳೂ ಮುಚ್ಚಿರುತ್ತವೆ. ಸಂತೆ ಇಲ್ಲ, ಗದ್ದಲ ಇಲ್ಲ.

ಆ ತಿಂಗಳ ನಡುವೆ ಎರಡು ಸಂಗತಿ ಒಟ್ಟಿಗೆ ಆದವು. ಇವಳ ಹಾಸಿಗೆ ಬಟ್ಟೆಯಲ್ಲಿ ರೊಟ್ಟಿಯ ಚೂರು, ಖಾರದ ಕಲೆ ಮನೆಯ ತಾಯಿಯ ಕಣ್ಣಿಗೆ ಬಿದ್ದವು. ಮೇಜಿನಲ್ಲಿ ತಿನ್ನದ ಹುಡುಗಿ ಕದ್ದು ತಿನ್ನುತ್ತಾಳೆ, ತೂಕವೂ ಇಳಿದಿದೆ. ಅವರಿಗೆ ಗಾಬರಿಯಾಯಿತು. ಊಟಕ್ಕೆ ಸಂಬಂಧಿಸಿದ ಮಾನಸಿಕ ತೊಂದರೆ ಇರಬಹುದಾ, ಡಾಕ್ಟರ ಹತ್ತಿರ ಹೋಗೋಣವಾ ಅಂತ ಕೇಳಿದರು. ಇವಳಿಗೆ ಅರ್ಧ ಅರ್ಥವಾಯಿತು. ನನಗೆ ಹುಚ್ಚು ಅನ್ನುತ್ತಿದ್ದಾರೆ ಅಂತ ಮನೆಗೆ ಫೋನ್ ಮಾಡಿದಳು.

ಇಲ್ಲಿ ಬಿರುಗಾಳಿ. ಅಪ್ಪ "ನಾಳಿನ ಟಿಕೆಟ್ ತಗೀರಿ" ಅಂದರು. ಅಣ್ಣ "ಮನೆ ಬದಲ್ ಮಾಡ್ರಿ, ಅವ್ರ ಮ್ಯಾಲ ಕಂಪ್ಲೇಂಟ್ ಕೊಡ್ರಿ" ಅಂದ. ಎರಡು ವಾರದ ನೋಟಿಸ್ ಕೊಟ್ಟು ಬರಲು ದಾರಿಯಂತೂ ಇತ್ತು.

ನೋಟ್‌ಬುಕ್ಕಿನ ಒಂದು ವಾರ

ಇಲ್ಲಿ ನಾವು ಒಂದು ತೀರ್ಮಾನ ಮಾಡಿದೆವು. ಏಳು ದಿನ ಯಾರೂ ಏನೂ ನಿರ್ಧರಿಸಬಾರದು. ಆ ಏಳು ದಿನ ಹುಡುಗಿ ಒಂದು ನೋಟ್‌ಬುಕ್ ಬರೆಯಬೇಕು. ಏನು ಮಾಡಿದೆ, ಎಷ್ಟು ಹೊತ್ತು, ಅದನ್ನು ಮಾಡು ಅಂತ ಯಾರಾದರೂ ಹೇಳಿದ್ದರಾ ಇಲ್ಲವಾ. ಊಟದ ಬಗ್ಗೆಯೂ ಹಾಗೇ. ಏನು ಬೇಕಿತ್ತು, ಕೇಳಿದೆಯಾ ಇಲ್ಲವಾ. ಅಪ್ಪ ಒಪ್ಪಲು ಎರಡು ದಿನ ಹಿಡಿಯಿತು. ನಾನು ಕೈಮುಗಿದು ಕೇಳಿಕೊಂಡೆ.

ಅವಳು ಕಳಿಸಿದ ಪುಟಗಳಲ್ಲಿ ಒಂದು ದಿನದ್ದು ಹೀಗಿತ್ತು:

"ಮಂಗಳವಾರ. 5:40 ಪಾತ್ರೆ ಜೋಡಿಸಿದೆ, ಹೇಳಿರಲಿಲ್ಲ. 6:45 ಮಕ್ಕಳ ಡಬ್ಬಿ ಕಟ್ಟಿದೆ, ಹೇಳಿದ್ದು. 7:30 ಸಣ್ಣವಳನ್ನು ಶಿಶುವಿಹಾರಕ್ಕೆ ಬಿಟ್ಟೆ, ಹೇಳಿದ್ದು. 9:00 ದೊಡ್ಡವರ ಬಟ್ಟೆ ಇಸ್ತ್ರಿ, ಹೇಳಿರಲಿಲ್ಲ. ಮಧ್ಯಾಹ್ನ ಅನ್ನ ಮಾಡಿಕೊಳ್ಳಬೇಕು ಅನ್ನಿಸಿತು. ಒಲೆ ಹಚ್ಚಲೇ ಅಂತ ಕೇಳಲಿಲ್ಲ. ಬಾಳೆಹಣ್ಣು ತಿಂದೆ."

ವಾರದ ಒಟ್ಟು 45 ಗಂಟೆ. ಅದರಲ್ಲಿ ಮನೆಯವರು ಹೇಳಿದ್ದು 33. ಯಾರೂ ಹೇಳದೆ ಅವಳೇ ಮೈಮೇಲೆ ಹಾಕಿಕೊಂಡದ್ದು 12. ಹೇಳಿದ್ದರಲ್ಲೂ 3 ಗಂಟೆ ಜಾಸ್ತಿ. ಅದು ಶನಿವಾರ ರಾತ್ರಿ ಗಂಡ ಹೆಂಡತಿ ಹೊರಗೆ ಹೋದಾಗ ಮಕ್ಕಳನ್ನು ನೋಡಿಕೊಂಡದ್ದು. ಇನ್ನೊಂದು ವಿಷಯವೂ ಹೊರಬಂತು. ಭಾಷೆಯ ಕ್ಲಾಸಿಗೆ ಅವಳು ಸೇರಿಯೇ ಇರಲಿಲ್ಲ. ಕ್ಲಾಸಿನ ಹೊತ್ತು, ಮಕ್ಕಳನ್ನು ಕರೆತರುವ ಹೊತ್ತು ಒಂದೇ. ಕುಟುಂಬ "ಮುಂದಿನ ಸಲ ನೋಡೋಣ" ಅಂದಿತ್ತು. ಅವಳು ಹೋದದ್ದೇ ಭಾಷೆಗಾಗಿ. ಈ ಎರಡು ತಪ್ಪು ಆ ಮನೆಯವರದೇ, ಅದರಲ್ಲಿ ಅನುಮಾನ ಬೇಡ.

ಆದರೆ ಊಟದ ಕಾಲಮ್ಮು ನನ್ನನ್ನು ಕೂರಿಸಿಬಿಟ್ಟಿತು. ಏಳು ದಿನದಲ್ಲಿ ಹದಿನಾರು ಸಲ "ಕೇಳಲಿಲ್ಲ" ಅಂತ ಬರೆದಿದ್ದಳು. ನಾನು ಆ ಪುಟಗಳನ್ನು ಅವಳ ಅತ್ತಿಗೆಗೆ ಓದಿ ಹೇಳಿದೆ. ಮದುವೆಯಾಗಿ ಮೂರು ವರ್ಷ ಆದವಳು. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ ಅಂದಳು: "ಮೇಡಂ, ನಾ ಈ ಮನಿಗಿ ಬಂದಾಗ ಮೊದ್ಲ ವರ್ಷ ಹಿಂಗೇ ಇದ್ನಿರೀ."

ಆಗ ತಿಳಿಯಿತು. ಮೊದಲು ಏಳು, ಕೊನೆಗೆ ಉಣ್ಣು. ಬೇಕು ಅನ್ನಬೇಡ. ಹೇಳುವ ಮೊದಲೇ ಕೆಲಸ ಮುಗಿಸು. ಒಂದು ಮಾತು ಅನ್ನಿಸಿಕೊಳ್ಳಬೇಡ. ಅತ್ತೆ ಮನೆಗೆ ಹೋಗುವ ಹುಡುಗಿಗೆ ಹೇಳುವ ಬುದ್ಧಿಮಾತನ್ನೇ ನಾವು ಹೇಳಿ ವಿಮಾನ ಹತ್ತಿಸಿದ್ದೆವು. ಹೊರಗಿನ ಮನೆಯಲ್ಲಿ ಇರುವುದಕ್ಕೆ ನಮ್ಮ ಹತ್ತಿರ ಇದ್ದ ಪಾಠ ಅದೊಂದೇ. ಅವಳು ಅದನ್ನು ಚಾಚೂ ತಪ್ಪದೆ ಪಾಲಿಸಿದಳು. ಸರಿಸಮಾನಳಾಗಿ ಇರಲು ಹೋದ ಮನೆಯಲ್ಲಿ ಹೊಸ ಸೊಸೆಯಾಗಿ ಕೂತಳು. ಅತ್ತಿಗೆ ಆ ಮಾತು ಆಡದಿದ್ದರೆ ನಾನು ಇನ್ನೂ ಎಷ್ಟು ದಿನ "ಹೊಂದಿಕೋ" ಅನ್ನುತ್ತಿದ್ದೆನೋ.

ರವಿವಾರದ ಮಾತು

ಮನೆ ಬದಲಿಸುವ ಮೊದಲು ಒಂದು ಸಲ ಕೂತು ಮಾತಾಡು ಅಂದೆ. ನೀನು ಹೀಗೇ ಇದ್ದರೆ ಇನ್ನೊಂದು ಮನೆಯಲ್ಲೂ ಇದೇ ಆಗಬಹುದು. ಮಾತಾಡಿಯೂ ಸರಿಹೋಗದಿದ್ದರೆ ನಾನೇ ಅಪ್ಪನ ಪರ ನಿಲ್ಲುತ್ತೇನೆ.

ಏನು ಹೇಳಬೇಕು ಅಂತ ಕನ್ನಡದಲ್ಲಿ ಬರೆದುಕೊಂಡೆವು. ಅವಳು ಜರ್ಮನ್‌ಗೆ ತಿರುಗಿಸಿದಳು. ಹೈದರಾಬಾದಿನ ಅವಳ ಶಿಕ್ಷಕಿ ತಿದ್ದಿಕೊಟ್ಟರು. ಐದೇ ವಾಕ್ಯ. ನನಗೆ ರಾತ್ರಿ ಹಸಿವಾಗುತ್ತದೆ. ನನಗೆ ದಿನಕ್ಕೆ ಒಂದು ಸಲ ಬಿಸಿ ಊಟ ಬೇಕು. ನಾನು ಬೇಡ ಅಂದಾಗ ಎಷ್ಟೋ ಸಲ ಬೇಕಿರುತ್ತದೆ, ಇನ್ನು ಮುಂದೆ ಬೇಕು ಅಂತಲೇ ಹೇಳುತ್ತೇನೆ. ನನಗೆ ಕ್ಲಾಸಿಗೆ ಹೋಗಬೇಕು. ನನ್ನ ಕೆಲಸ ಯಾವುದು ಅಂತ ಬರೆದು ಕೊಡಿ.

ಮೂರನೇ ವಾಕ್ಯದ ಬಗ್ಗೆ ನಮ್ಮಿಬ್ಬರಲ್ಲಿ ವಾದ ಆಯಿತು. "ನನ್ನನ್ನು ಎರಡು ಸಲ ಕೇಳಿ" ಅಂತ ಬರೆ ಅಂದಿದ್ದೆ. ಅವಳು ಒಪ್ಪಲಿಲ್ಲ. "ಅವ್ರು ನೆನಪಿಟ್ಟು ಕೇಳೋದು ಎಷ್ಟ್ ದಿನ ರೀ? ನಾನೇ ಕಲೀತೀನಿ." ಅವಳ ಮಾತೇ ಸರಿಯಾಗಿತ್ತು.

ಡಿಸೆಂಬರಿನ ಒಂದು ರವಿವಾರ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ರವಿವಾರ ಅವರು ಹಸಿರು ಕೊಂಬೆಯ ಬಳೆಯ ಮೇಲೆ ಒಂದೊಂದಾಗಿ ಮೇಣದ ಬತ್ತಿ ಹಚ್ಚುತ್ತಾರೆ. ಅವತ್ತು ಎರಡನೆಯದು. ಮಧ್ಯಾಹ್ನ ಕಾಫಿ, ಕೇಕು ಇಟ್ಟುಕೊಂಡು ಎಲ್ಲ ಕೂತಿದ್ದರು. ಇವಳು ಕಾಗದ ತೆಗೆದಳು. ಕೈ ನಡುಗುತ್ತಿತ್ತು. ಓದುವ ಮೊದಲು ಮನೆಯ ತಾಯಿಯನ್ನು ಮೊದಲ ಸಲ ಹೆಸರು ಹಿಡಿದು ಕರೆದಳು.

ಓದಿ ಮುಗಿಸಿದ ಮೇಲೆ ಆ ತಾಯಿ ಎದ್ದು ಹೋದರು. ಸಿಟ್ಟಾದರು ಅಂದುಕೊಂಡಳು. ಅವರು ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ಕಿತ್ತು ತಂದು ಮೇಜಿನ ಮೇಲೆ ಹರಡಿದರು. ಪೆನ್ನು ತಗೊಂಡು ಅಲ್ಲೇ ಶುರು ಮಾಡಿದರು. ಕ್ಲಾಸಿನ ದಿನ ಗುರುತು ಹಾಕಿದರು. ಎರಡು ದಿನ ಮಕ್ಕಳನ್ನು ಕರೆತರುವುದು ತಂದೆಯ ಕೆಲಸ ಅಂತ ಬರೆದರು. ಶನಿವಾರ ರಾತ್ರಿ ಬೇಕಿದ್ದರೆ ಮೊದಲೇ ಕೇಳಬೇಕು, ಬದಲಿಗೆ ಇನ್ನೊಂದು ದಿನ ಬಿಡುವು.

ಆಮೇಲೆ ತಮ್ಮ ಮನಸ್ಸಿನ ಮಾತನ್ನೂ ಹೇಳಿದರು. ಅವರಿಗೂ ಎರಡು ತಿಂಗಳು ಕಷ್ಟವಾಗಿತ್ತು. ನೀನು ನನ್ನ ಗಂಡನ ಬೂಟು ಒರೆಸುವುದನ್ನು ನನ್ನ ಮಗ ನೋಡುತ್ತಾನೆ. ಮನೆಯಲ್ಲಿ ಒಬ್ಬ ಹೆಂಗಸು ಎಲ್ಲರ ಸೇವೆ ಮಾಡುವುದು ಸರಿ ಅಂತ ಅವನು ಕಲಿಯುತ್ತಾನೆ. ಅದು ನನಗೆ ಬೇಡ. ಬೇಡ ಅಂತ ಹೇಳಿದರೆ ನಿನಗೆ ನೋವಾಗುತ್ತದೆ ಅಂತ ಸುಮ್ಮನಿದ್ದೆ.

ಈ ಮಾತನ್ನು ಫೋನಿನಲ್ಲಿ ಹೇಳುವಾಗ ಹುಡುಗಿ ಅಳುತ್ತಿರಲಿಲ್ಲ. ನನಗೇ ಕಣ್ಣು ತುಂಬಿ ಬಂತು.

ಆಮೇಲೆ

ಮೊದಲು ಬದಲಾದದ್ದು ಫೋನಿನ ಹೊತ್ತು. ರಾತ್ರಿ ಬೇಡ, ಅಲ್ಲಿಯ ಮಧ್ಯಾಹ್ನ ಒಂದೂವರೆಗೆ ಅಂತ ಮಾಡಿದೆವು. ಮಕ್ಕಳು ಮನೆಯಲ್ಲಿರುವುದಿಲ್ಲ, ಇಲ್ಲಿ ಸಂಜೆ ಆರು. ಅವ್ವ ರೊಟ್ಟಿ ಬಡಿಯುತ್ತಾ ಮಾತಾಡುವರು, ಮಗಳು ಅಲ್ಲಿ ಬೇಳೆ ಕುದಿಸುತ್ತಾ. ಅರ್ಧ ತಾಸಿಗೆ ಮುಗಿಯುತ್ತಿತ್ತು. ಇಬ್ಬರ ಕೈಯಲ್ಲೂ ಕೆಲಸ ಇದ್ದರೆ ಅಳು ಕಡಿಮೆ. ಅವ್ವ ಒಂದು ವಾರ ಮುನಿಸಿಕೊಂಡಿದ್ದರು. ಆಮೇಲೆ ರಾತ್ರಿ ನಿದ್ದೆ ಬರತೊಡಗಿತು ಅಂದರು.

ರಾತ್ರಿ ಆ ಎರಡು ತಾಸು ಅವಳು ಕೆಳಗೆ ಕೂತಳು. ಮೊದಲ ವಾರ ಸುಮ್ನೆ ಕೂತು ಬಂದಳಂತೆ. ಎರಡನೇ ವಾರ ಮನೆಯ ತಾಯಿ ಹೆಣಿಗೆ ಹೇಳಿಕೊಟ್ಟರು. ಭಾಷೆ ಬೆಳೆದದ್ದು ಆ ಸೋಫಾದ ಮೇಲೆ ಅಂತ ಅವಳೇ ಹೇಳುತ್ತಾಳೆ.

ಆ ಸಲ ಎಳ್ಳ ಅಮಾವಾಸ್ಯೆ ಡಿಸೆಂಬರ್ ಕೊನೆಗೆ ಬಂದಿತ್ತು. ಇಲ್ಲಿ ಎಲ್ಲರೂ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಉಣ್ಣುವ ದಿನ. ಅವರಿಗೆ ಕ್ರಿಸ್‌ಮಸ್ ರಜೆ ಇತ್ತು. ಇವಳು ಒಲೆ ಕೇಳಿದಳು. ಸಿಕ್ಕ ಕಾಳು, ಸೊಪ್ಪು, ತರಕಾರಿ ಎಲ್ಲ ಹಾಕಿ ಭಜ್ಜಿ ಮಾಡಿದಳು. ಸಜ್ಜೆ ಹಿಟ್ಟು ಸಿಗಲಿಲ್ಲ. ಉಳಿದಿದ್ದ ಕಡಕ್ ರೊಟ್ಟಿಯನ್ನು ಡಬ್ಬಿ ಸಮೇತ ಮೇಜಿಗೆ ತಂದಿಟ್ಟಳು. ಏಳು ವರ್ಷದ ಹುಡುಗ ಒಂದು ತಗೊಂಡು ಪಟ್ ಅಂತ ಮುರಿದ. ಮುರಿದು ಅವಳ ಮುಖ ನೋಡಿದ. "ರಾತ್ರಿ ನಿನ್ನ ಕೋಣೆಯಿಂದ ಬರ್ತಿದ್ದ ಸದ್ದು ಇದೇನಾ?" ಎಲ್ಲರೂ ನಕ್ಕರು, ಇವಳೂ ನಕ್ಕಳು. ಆಮೇಲೆ ಆ ಹೊಲದ ಪೂಜೆ ಏನು, ಅನ್ನವನ್ನು ಭೂಮಿಗೆ ಯಾಕೆ ಚೆಲ್ಲುತ್ತಾರೆ ಅಂತ ಕೇಳಿದರು. ಬಂದ ಭಾಷೆಯಲ್ಲೇ ಒಂದು ತಾಸು ಹೇಳಿದಳಂತೆ.

ಎಲ್ಲವೂ ಸರಿಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ತಣ್ಣನೆಯ ರಾತ್ರಿ ಊಟ ಅವಳಿಗೆ ಕೊನೆವರೆಗೂ ಇಷ್ಟ ಆಗಲಿಲ್ಲ. ಮಧ್ಯಾಹ್ನ ಬಿಸಿ ಅಡುಗೆ ಮಾಡಿಕೊಂಡು ರಾತ್ರಿ ಬ್ರೆಡ್ಡು ತಿಂದಳು, ಅಷ್ಟೇ. ಯಜಮಾನನ ಜೊತೆ ಮಾತು ಬೆಳೆಯಲೇ ಇಲ್ಲ. ಅವನ ಸ್ವಭಾವವೇ ಹಾಗೆ ಅಂತ ಬಿಟ್ಟಳು. ಮಾರ್ಚ್‌ನಲ್ಲಿ ಮತ್ತೆ ಎರಡು ವಾರ ಕೆಲಸ 30 ಗಂಟೆ ದಾಟಿತು. ಈ ಸಲ ಅವಳು ನನಗೆ ಫೋನ್ ಮಾಡಲಿಲ್ಲ. ಕ್ಯಾಲೆಂಡರ್ ಹತ್ತಿರ ಹೋಗಿ ತೋರಿಸಿದಳು. ನನಗೆ ಗೊತ್ತಾದದ್ದು ಏಪ್ರಿಲ್‌ನಲ್ಲಿ.

ವರ್ಷ ಪೂರ್ತಿ ಅಲ್ಲೇ ಇದ್ದಳು. ಬಿ1, ಅಂದರೆ ಭಾಷೆಯ ಮೂರನೇ ಹಂತದ ಪರೀಕ್ಷೆ ಪಾಸಾದಳು. ಸಣ್ಣವಳು ಅವಳನ್ನು "ಅಕ್ಕಾ" ಅಂತಲೇ ಕರೆಯುವುದು, ಈಗಲೂ ಫೋನಿನಲ್ಲಿ.

ಈಗ ನಾನು ಮಾಡುವುದು

ಆಮೇಲೆ ನಮ್ಮ ಕಡೆಯಿಂದ ಹೀಗೆ ಹೋಗುವ ಇನ್ನೂ ಮೂವರ ಜೊತೆ ಕೆಲಸ ಮಾಡಿದ್ದೇನೆ. ಒಪ್ಪಂದದ ಕಾಗದವನ್ನು ಅವರ ಮನೆಯಲ್ಲಿ ಎಲ್ಲರ ಮುಂದೆ ಕನ್ನಡದಲ್ಲಿ ಓದಿ ಹೇಳುತ್ತೇನೆ. 30 ಗಂಟೆ, ಒಂದೂವರೆ ದಿನ, ಕ್ಲಾಸಿನ ದುಡ್ಡು, ಎರಡು ವಾರದ ನೋಟಿಸ್. ಹುಡುಗಿಗಿಂತ ಅವಳ ಅವ್ವ, ಅಪ್ಪನಿಗೆ ಅದು ತಿಳಿದಿರುವುದು ಮುಖ್ಯ. ಕಷ್ಟ ಬಂದಾಗ ಅವಳು ಕೇಳುವುದು ಅವರ ಮಾತನ್ನೇ. ಫೋನಿನ ಹೊತ್ತನ್ನು ಹೊರಡುವ ಮೊದಲೇ ಗೊತ್ತು ಮಾಡುತ್ತೇವೆ. ಮೊದಲ ವಾರದಿಂದಲೇ ನೋಟ್‌ಬುಕ್ ಬರೆಯಲು ಹೇಳುತ್ತೇನೆ, ಕಷ್ಟ ಬರುವವರೆಗೆ ಕಾಯಬಾರದು. ಹೊಡೆತ, ಬೈಗುಳ, ಕೈಖರ್ಚು ಕೊಡದಿರುವುದು, ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು, ಮೈಮುಟ್ಟುವುದು, ಇಂಥದ್ದು ನಡೆದರೆ ಮಾತುಕತೆ, ನೋಟ್‌ಬುಕ್ ಯಾವುದೂ ಬೇಡ, ಅವತ್ತೇ ಹೊರಗೆ ಬಾ ಅಂತಲೂ ಬಿಡಿಸಿ ಹೇಳುತ್ತೇನೆ. ಈ ಹುಡುಗಿಯ ದಾರಿ ಒಳ್ಳೆಯ ಮನಸ್ಸಿನ ಮನೆಗೆ ಮಾತ್ರ ಹೊಂದುವಂಥದ್ದು.

"ಹೊಂದ್ಕೊಂಡು ಹೋಗು" ಅನ್ನುವ ಮಾತನ್ನು ನಾನು ಬಿಟ್ಟಿದ್ದೇನೆ. ಅದರ ಬದಲು ಮೊದಲ ಸಲಕ್ಕೇ "ಬೇಕು" ಅನ್ನುವುದನ್ನು ಅಭ್ಯಾಸ ಮಾಡಿಸುತ್ತೇವೆ. ಸಣ್ಣ ವಿಷಯ ಅನ್ನಿಸಬಹುದು. ನಮ್ಮ ಹೆಣ್ಣುಮಕ್ಕಳಿಗೆ ಇದು ವಿಮಾನ ಹತ್ತುವುದಕ್ಕಿಂತ ಕಷ್ಟ.

ಹೋದ ತಿಂಗಳು ಭಾಲ್ಕಿ ಕಡೆಯ ಒಬ್ಬಳು ಹುಡುಗಿ ತನ್ನ ಅವ್ವನ ಜೊತೆ ನಮ್ಮ ಮನೆಗೆ ಬಂದಿದ್ದಳು. ಹೊರಡಲು ಇನ್ನೂ ಎರಡು ತಿಂಗಳಿತ್ತು. ನಮ್ಮ ಹುಡುಗಿಯನ್ನೂ ಕರೆಸಿದ್ದೆ. ಅವಳೇ ಚಾ ಮಾಡಿಕೊಂಡು ಬಂದಳು. "ತಗೋ" ಅಂದಳು. ಬಂದವಳು ಸೆರಗು ಸರಿ ಮಾಡಿಕೊಂಡು "ಬ್ಯಾಡ್ರೀ ಅಕ್ಕಾ" ಅಂದಳು. ನಮ್ಮ ಹುಡುಗಿ ಒಂದು ಮಾತೂ ಆಡದೆ ಆ ಕಪ್ಪು ಎತ್ತಿಕೊಂಡು ಒಳಗೆ ಹೋದಳು. ಅವ್ವ ನನ್ನ ಮುಖ ನೋಡಿದರು. ನಾನು ಸುಮ್ಮನೆ ನನ್ನ ಚಾ ಕುಡಿದೆ. ವೀಸಾದ ಮಾತು ನಡೆಯಿತು, ಚಳಿಗೆ ಎಂಥ ಕೋಟು ಬೇಕು ಅನ್ನುವ ಮಾತು ನಡೆಯಿತು. ಹತ್ತು ನಿಮಿಷ ಆಗಿರಬೇಕು. ಬಂದವಳು ಅಡುಗೆಮನೆಯ ಬಾಗಿಲ ಕಡೆ ತಿರುಗಿದಳು.

"ಅಕ್ಕಾ, ನನಗೂ ಚಾ ಬೇಕ್ರೀ."

"ಬಿಸಿ ಮಾಡಿ ಇಟ್ಟೀನಿ, ಬಾ" ಅಂತ ಒಳಗಿನಿಂದ ದನಿ ಬಂತು.